ಹಳ್ಳಿ ಶಾಲೆಯವರಿಗೆ ಇಸ್ರೋ ಶಿಬಿರ ಸಿಗುತ್ತಾ?

ಪ್ರಶ್ನೆ: ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಇಸ್ರೋದ ಯುವಿಕಾ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಬೇಕು ಅಂತಾಳೆ. ಅದೆಲ್ಲ ಬೆಂಗಳೂರಿನ ಸಿಬಿಎಸ್‌ಇ ಮಕ್ಕಳಿಗೆ ಅಲ್ವಾ?

ಫೆಬ್ರವರಿ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಹಾಕಿಸಿ. ಯಾವ ಬೋರ್ಡ್ ಆದರೂ ಸರಿ, ಆ ವರ್ಷದ ಜನವರಿ 1ಕ್ಕೆ ಒಂಬತ್ತನೇ ತರಗತಿಯಲ್ಲಿದ್ದರೆ ಸಾಕು. ಮೇ ತಿಂಗಳಲ್ಲಿ ಎರಡು ವಾರ ಶಿಬಿರ. ಊಟ, ವಸತಿ ಇಸ್ರೋದ್ದೇ. ಮಗಳ ಮತ್ತು ಜೊತೆಗೆ ಹೋಗುವ ಒಬ್ಬರ ಪ್ರಯಾಣದ ಖರ್ಚನ್ನೂ ಕೊಡುತ್ತಾರೆ. ಟಿಕೆಟ್ ಮಾತ್ರ ಬಿಸಾಡಬೇಡಿ.

ಇನ್ನು ಆ ಬೆಂಗಳೂರಿನ ಮಕ್ಕಳ ಮಾತು. ಇದನ್ನು ಯಾರು ಹುಟ್ಟಿಸಿದರೋ! ಹೇಳುವವರಲ್ಲಿ ಜಾಸ್ತಿ ಜನ ಪ್ರಕಟಣೆಯನ್ನು ಓದಿಯೇ ಇರುವುದಿಲ್ಲ. ಆಯ್ಕೆ ಹೇಗೆ ಅಂತ ಇಸ್ರೋ ಅದರಲ್ಲೇ ಬರೆಯುತ್ತದೆ. ಈಚಿನ ವರ್ಷಗಳ ಲೆಕ್ಕ ಹೀಗಿದೆ: 100ರಲ್ಲಿ 50 ಎಂಟನೇ ತರಗತಿಯ ಅಂಕಕ್ಕೆ. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದಕ್ಕೆ, ಶಾಲೆ, ಜಿಲ್ಲೆ, ರಾಜ್ಯ ಮಟ್ಟ ನೋಡಿಕೊಂಡು, 10ರವರೆಗೆ. ಒಲಿಂಪಿಯಾಡ್‌ನಂಥ ಶಾಲಾ ವಿಷಯಗಳ ಸ್ಪರ್ಧೆಯ ಬಹುಮಾನಕ್ಕೆ ಹೆಚ್ಚೆಂದರೆ 5, ಆಟೋಟದ ಬಹುಮಾನಕ್ಕೆ 5, ಸ್ಕೌಟ್ಸ್, ಗೈಡ್ಸ್, ಎನ್‌ಸಿಸಿಗೆ 5. ಉಳಿದದ್ದು 15. ಅದು ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುವವರಿಗೆ.

ಪೇಪರ್ ತಗೊಂಡು ಕೂಡಿಸಿ ನೋಡಿ. ನೀವು ಹೆದರುವ ಆ ನಗರದ ಹುಡುಗ 98 ಪರ್ಸೆಂಟ್ ತೆಗೆದಿದ್ದಾನೆ ಅಂತಿಟ್ಟುಕೊಳ್ಳಿ. ಅವನಿಗೆ 49. ನಿಮ್ಮ ಮಗಳದ್ದು 86 ಆದರೆ 43. ಆರು ಹಿಂದೆ. ಹಳ್ಳಿ ಶಾಲೆಯ 15 ಸೇರಿಸಿ, 58 ಆಯಿತು. ಅವಳ ಸಮಕ್ಕೆ ಬರಲು ಅವನಿಗೆ ಇನ್ನೂ 9 ಬೇಕು! ಪೈಪೋಟಿಯೂ ರಾಜ್ಯದೊಳಗಿನ ಮಕ್ಕಳ ನಡುವೆಯೇ. ಸೀಟು ಸುಲಭವಾಗಿ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಡೀ ದೇಶಕ್ಕೆ ಈಚೆಗೆ ಸುಮಾರು 350 ಸೀಟು ಅಷ್ಟೇ. ಆದರೆ ಕಷ್ಟ ಎಲ್ಲರಿಗೂ ಇದೆ, ನಿಮಗೊಬ್ಬರಿಗೇ ಅಲ್ಲ.

ಈ 15 ಸಿಗುವುದು ಶಾಲೆ ಎಲ್ಲಿದೆ ಅನ್ನುವುದರ ಮೇಲೆ, ಮನೆ ಎಲ್ಲಿದೆ ಅನ್ನುವುದರ ಮೇಲಲ್ಲ. ಇಂಗ್ಲಿಷ್ ಮೀಡಿಯಂ ಬೇಕು ಅಂತ ಮಗುವನ್ನು ಹಳ್ಳಿಯಿಂದ ದಿನಾ ವ್ಯಾನ್ ಹತ್ತಿಸಿ ಪೇಟೆಗೆ ಕಳಿಸುವವರಿಗೆ ಇದು ಇಲ್ಲ. ಅವರಿಗೆ ಇದನ್ನು ಹೇಳಿದಾಗ ಮುಖ ನೋಡಬೇಕು.

ಸರ್ಟಿಫಿಕೇಟ್ ಹುಚ್ಚಿಗೂ ಒಂದು ಮಾತು. ದುಡ್ಡು ಕಟ್ಟಿ ಬರೆಸುವ ಒಲಿಂಪಿಯಾಡ್‌ನಲ್ಲಿ ಸುಮ್ನೆ ಭಾಗವಹಿಸಿದ ಪತ್ರಕ್ಕೆ ಏನೂ ಸಿಗದು. ಅಲ್ಲಿ ಮೊದಲ ಮೂರು ಸ್ಥಾನ ಬಂದಿರಬೇಕು. ಭರತನಾಟ್ಯದ ಪ್ರಮಾಣಪತ್ರಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ. ನಿಮ್ಮ ಶಾಲೆಯಲ್ಲೇ ನಡೆಯುವ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಒಂದು ಮಾದರಿ ಮಾಡಿಟ್ಟರೆ 2 ಅಂಕ ಬಂತು. ಅದಕ್ಕೆ ಖರ್ಚು ರಟ್ಟು, ಗೋಂದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅರ್ಧದಷ್ಟು ಅಂಕ ಎಂಟನೇ ತರಗತಿಯದ್ದು ಅಂದೆನಲ್ಲ? ನಮ್ಮಲ್ಲಿ ಎಂಟನೇ ತರಗತಿಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. 'ಎಸ್‌ಎಸ್‌ಎಲ್‌ಸಿ ಬಂದಾಗ ನೋಡೋಣ ಬಿಡಿ' ಅಂತ ಅಪ್ಪಂದಿರು ಶಿಕ್ಷಕರಾದ ನಮಗೇ ಹೇಳುತ್ತಾರೆ. ಆಮೇಲೆ ಒಂಬತ್ತರಲ್ಲಿ ಫೆಬ್ರವರಿ ಪ್ರಕಟಣೆ ನೋಡಿ ಕೋಚಿಂಗ್ ಹುಡುಕುತ್ತಾರೆ. ಆ 50ರಲ್ಲಿ ಎಷ್ಟು ಬರಬೇಕೋ ಅಷ್ಟು ಹಿಂದಿನ ವರ್ಷವೇ ಬಂದಾಗಿರುತ್ತದೆ, ಕೋಚಿಂಗ್ ಏನು ಮಾಡೀತು? ಮನೆಯಲ್ಲಿ ಎಂಟನೇ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಈ ಎಂಟನೇ ತರಗತಿಯ ಪರೀಕ್ಷೆಗೇ ಕೂರಿಸಿ ಓದಿಸಿ.

ಶಿಬಿರಕ್ಕೆ ಹೋದರೆ ಇಸ್ರೋದಲ್ಲಿ ಕೆಲಸ ಗ್ಯಾರಂಟಿಯಾ ಅಂತ ಮುಂದಿನ ಪತ್ರ ಬರೆಯಬೇಡಿ. ಇಲ್ಲ. ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ ಸಂಸ್ಥೆ ಐಐಎಸ್‌ಟಿಯಲ್ಲಿ ಬಿ.ಟೆಕ್ ಸೇರುವುದಕ್ಕೂ ಜೆಇಇ ಅಡ್ವಾನ್ಸ್‌ಡ್ ಬರೆಯಲೇಬೇಕು. ಸದ್ಯಕ್ಕೆ ಮಗಳ ಎಂಟನೇ ತರಗತಿ ಅಂಕಪಟ್ಟಿ ಹುಡುಕಿಡಿ. ಅದರಲ್ಲಿ ಗ್ರೇಡ್ ಮಾತ್ರ ಇದ್ದರೆ, ಅಂಕ ಬರೆಸಿಕೊಂಡು ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಕ್ವಿಜ್ ದಿನ ಅವಳನ್ನು ನೆಟ್‌ವರ್ಕ್ ಚೆನ್ನಾಗಿ ಸಿಗುವ ಕಡೆ ಕೂರಿಸಿ.