ಸುಮ್ನೆ ಕೂತವರೆಲ್ಲ ಸೋಮಾರಿಗಳೇ?

ಪ್ರಶ್ನೆ: ಮಳೆ ಹಿಡಿಯಿತೆಂದರೆ ನನ್ನ ಮಗ ಜಗಲಿ ಬಿಟ್ಟು ಏಳುವುದಿಲ್ಲ. ಮೊಬೈಲು, ಊಟ, ನಿದ್ದೆ, ಇಷ್ಟೇ. ಕೇಳಿದರೆ ಸುಸ್ತು ಅನ್ನುತ್ತಾನೆ. ಇದು ಸೋಮಾರಿತನವೋ, ನಿಜವಾದ ದಣಿವೋ?

ಉತ್ತರ: ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪ್ರತಿ ಆಷಾಢಕ್ಕೂ ಈ ಮಾತು ಬರುತ್ತದೆ. ಮೊದಲು ಒಂದು ವಿಷಯ. ಸುಮ್ನೆ ಕೂರುವುದೆಲ್ಲ ಸೋಮಾರಿತನ ಅಲ್ಲ. ದಿನವಿಡೀ ಗದ್ದೆಯಲ್ಲಿ ನೆಟ್ಟಿ ಮಾಡಿ ಬಂದವರು ಒಲೆ ಮುಂದೆ ಕಾಲು ಚಾಚಿ ಕೂತರೆ ಅದು ವಿಶ್ರಾಂತಿ. ಎದ್ದಾಗ ಮೈ ಹಗುರಾಗಿರುತ್ತದೆ. ಸೋಮಾರಿತನ ಬೇರೆ. ಕೆಲಸ ಕಣ್ಣೆದುರಿಗಿರುತ್ತದೆ, ಮಾಡುವ ಶಕ್ತಿಯೂ ಇರುತ್ತದೆ, ಆದರೂ ಬಾಯಲ್ಲಿ "ನಾಳೆ" ಬರುತ್ತದೆ. ಕೂತಷ್ಟೂ ಏಳುವುದು ಕಷ್ಟವಾಗುತ್ತದೆ.

ಆ "ನಾಳೆ"ಯ ಬೆಲೆ ನನಗೆ ಗೊತ್ತಾಗಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯಬೇಕಲ್ವಾ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮಳೆ ಶುರುವಾಗುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಒಂದು ವರ್ಷ ಪುಷ್ಯ ಮಳೆಯ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವಾಯಿತು. ಮೈಲುತುತ್ತ ಮನೆಯಲ್ಲೇ ಇತ್ತು. ಮರ ಹತ್ತುವವರೂ ಬರುತ್ತೇನೆ ಅಂದಿದ್ದರು. ನಾನೇ ನಾಳೆ ನೋಡೋಣ ಅಂದೆ. ಮೂರನೇ ದಿನ ಜಡಿಮಳೆ ಹಿಡಿಯಿತು, ಬಿಡಲೇ ಇಲ್ಲ. ಆಮೇಲೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ಒಂದನ್ನು ಎತ್ತಿ ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಅದರ ಮೇಲೆ ಬಿಳಿ ಬೂಷ್ಟು. ಈ ರೋಗ ಮಳೆ ಗಾಳಿಯ ಜೊತೆ ಗೊನೆಯಿಂದ ಗೊನೆಗೆ ದಾಟುತ್ತದೆ. ಬೋರ್ಡೋ ಅನ್ನೋದು ರೋಗ ಬರುವ ಮೊದಲೇ ಕಾಯಿಗೆ ಹೊದಿಸುವ ಹೊದಿಕೆ. ತಡವಾಗಿ ಹೊಡೆದರೆ ಬಿದ್ದ ಕಾಯಿ ಮರ ಹತ್ತುವುದಿಲ್ಲ.

ಮೈಯಲ್ಲೂ ಹೀಗೇ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಉಂಡ ಅನ್ನದ ಸಕ್ಕರೆಯನ್ನು ಜಾಸ್ತಿ ಬಳಸುವುದು ಮಾಂಸಖಂಡಗಳು. ಅಲುಗಾಡದೆ ಕೂತರೆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಬಳಸದ ಮಾಂಸಖಂಡ ಸೊರಗುತ್ತದೆ. ಹಗಲು ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ, ಬೆಳಿಗ್ಗೆ ಮತ್ತೆ ಮೈ ಭಾರ. ಹಾಗಾಗಿ ನಿಮ್ಮ ಮಗ ಸುಸ್ತು ಅಂದರೆ ಅದು ಸುಳ್ಳಾಗಿರಬೇಕೆಂದಿಲ್ಲ. ಕೂತೂ ಕೂತೂ ಬಂದ ಸುಸ್ತಿರಬಹುದು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಷ್ಟಾದರೂ ಶ್ರಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೆ ದಯವಿಟ್ಟು ಇದನ್ನು ಗಮನಿಸಿ. ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟು, ಗೆಳೆಯರು ಯಾವುದೂ ಬೇಡ ಅನ್ನಿಸಿ, ಮಂಕು ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಹೀಗೆ ಸುಸ್ತಾಗುತ್ತದೆ. ಅಂಥ ಹುಡುಗನನ್ನು ಸೋಮಾರಿ ಅಂತ ಬೈಯುವುದು ಗಾಯಕ್ಕೆ ಬರೆ ಎಳೆದಂತೆ. ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಂಥದ್ದೇನೂ ಇಲ್ಲ ಅನ್ನಿಸಿದರೆ "ಹೋಗಿ ಕೆಲಸ ಮಾಡು" ಅನ್ನಬೇಡಿ. "ಬಾ, ಬಸಿಗಾಲುವೆಯಲ್ಲಿ ಸೋಗೆ ಸಿಕ್ಕಿಕೊಂಡಿದೆ, ತೆಗೆಯೋಣ" ಅನ್ನಿ. ಅರ್ಧ ಗಂಟೆ ಸಾಕು. ಮನಸ್ಸು ಬರಲಿ ಅಂತ ಕಾದರೆ ಬರುವುದಿಲ್ಲ, ಕೈ ಹಚ್ಚಿದ ಮೇಲೆ ಬರುತ್ತದೆ. ಮುಂದಿನ ಹೊಳವಿಗೆ ಬೋರ್ಡೋ ಕಲಸುವಾಗಲೂ ಕರೆಯಿರಿ. ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೇವಲ್ವಾ, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ? ಆ ಕತ್ತಿಯನ್ನು ಅವನ ಕೈಗೆ ಕೊಡಿ. ಸುಣ್ಣ ಇನ್ನೆಷ್ಟು ಬೇಕು ಅಂತ ಅವನೇ ಹೇಳಲಿ.