ಒರೆಸಿದ ಪದ ಎಲ್ಲಿಗೆ ಹೋಯ್ತು?

ಕ್ವಾಂಟಮ್ ಪಾಠದಲ್ಲಿ, ಅಂದರೆ ಅತಿಸಣ್ಣ ಕಣಗಳ ಭೌತವಿಜ್ಞಾನದ ಪಾಠದಲ್ಲಿ, ಬೋರ್ಡಿನ ಮೇಲೆ ಎಲೆಕ್ಟ್ರಾನಿನ ಎರಡು ಸ್ಥಿತಿ ಬರೆಯುತ್ತೇನೆ. ಒಂದರಲ್ಲಿ ಸ್ಪಿನ್ ಎಂಬ ಗುಣ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ, ನಡುವೆ ಪ್ಲಸ್ ಚಿಹ್ನೆ. ಅಳೆಯುವ ಮೊದಲು ಎರಡೂ ಒಟ್ಟಿಗೆ ಇವೆ ಎಂದು ಅದರ ಅರ್ಥ. ಅಳೆದಾಗ ಸಿಗುವುದು ಒಂದೇ ಉತ್ತರ ಎಂದು ಹೇಳಿ, ಇನ್ನೊಂದು ಪದವನ್ನು, ಅಂದರೆ ಪ್ಲಸ್ ಚಿಹ್ನೆಯ ಆಚೆಗಿನ ಭಾಗವನ್ನು, ಡಸ್ಟರಿನಿಂದ ಒರೆಸುತ್ತೇನೆ. ಈ ವರ್ಷ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಸರ್, ನೀವು ಒರೆಸಿದ್ರಲ್ಲ, ಅದು ಎಲ್ಲಿಗೆ ಹೋಯ್ತು?”

ಮರುದಿನ ತರಗತಿಗೆ ಒಂದು ಕಥೆ ತೆಗೆದುಕೊಂಡು ಹೋದೆ. ಅರ್ಜೆಂಟೀನಾದ ಲೇಖಕ ಬೋರ್ಹೆಸ್ 1941ರಲ್ಲಿ ಪ್ರಕಟಿಸಿದ ‘ಕವಲೊಡೆಯುವ ದಾರಿಗಳ ತೋಟ’. ಮೇಲ್ನೋಟಕ್ಕೆ ಅದು ಮೊದಲ ಮಹಾಯುದ್ಧದ ಗೂಢಚಾರನೊಬ್ಬನ ಕಥೆ. ಅದರ ಹೊಟ್ಟೆಯಲ್ಲಿ ಇನ್ನೊಂದು ಕಾದಂಬರಿ ಇದೆ, ತ್ಸುಯಿ ಪೆನ್ ಎಂಬ ಚೀನೀಯ ಬರೆದದ್ದು. ಮೂರನೇ ಅಧ್ಯಾಯದಲ್ಲಿ ಸತ್ತ ನಾಯಕ ನಾಲ್ಕನೆಯದರಲ್ಲಿ ಬದುಕಿರುತ್ತಾನೆ. ಓದಿದವರಿಗೆ ಅದು ಬರೀ ಗೊಂದಲ. ಗುಟ್ಟು ಏನೆಂದರೆ, ಆತ ಯಾವ ಸಾಧ್ಯತೆಯನ್ನೂ ಬಿಸಾಕಲಿಲ್ಲ. ಫಾಂಗ್ ಎಂಬವನ ಬಾಗಿಲನ್ನು ಅಪರಿಚಿತನೊಬ್ಬ ತಟ್ಟುತ್ತಾನೆ. ಫಾಂಗ್ ಅವನನ್ನು ಕೊಲ್ಲಬಹುದು, ಅವನೇ ಫಾಂಗ್‌ನನ್ನು ಕೊಲ್ಲಬಹುದು, ಇಬ್ಬರೂ ಉಳಿಯಬಹುದು, ಇಬ್ಬರೂ ಸಾಯಬಹುದು. ತ್ಸುಯಿ ಪೆನ್‌ನ ಪುಸ್ತಕದಲ್ಲಿ ಇವೆಲ್ಲವೂ ನಡೆಯುತ್ತವೆ.

1957ರಲ್ಲಿ ಪ್ರಿನ್ಸ್‌ಟನ್‌ನ ಹ್ಯೂ ಎವರೆಟ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಕಣಗಳ ಸ್ಥಿತಿ ಕಾಲ ಕಳೆದಂತೆ ಹೇಗೆ ಬದಲಾಗುತ್ತದೆಂದು ಹೇಳುವ ಶ್ರೋಡಿಂಗರ್ ಸಮೀಕರಣ ತಾನಾಗಿ ಯಾವ ಪದವನ್ನೂ ಅಳಿಸುವುದಿಲ್ಲ. ಅಳಿಸುವ ನಿಯಮವನ್ನು ಹೊರಗಿನಿಂದ ತಂದು ಸೇರಿಸಿದವರು ನಾವು. ಆ ನಿಯಮ ಬೇಡ, ಅಳೆಯುವವರನ್ನೂ ಸಮೀಕರಣದ ಒಳಗೇ ಸೇರಿಸೋಣ ಎಂದರು ಎವರೆಟ್. ಆಗ ‘ಮೇಲಕ್ಕೆ’ ಎಂದು ಕಂಡವರು ಒಂದು ಕವಲಿನಲ್ಲಿ, ‘ಕೆಳಕ್ಕೆ’ ಎಂದು ಕಂಡವರು ಇನ್ನೊಂದರಲ್ಲಿ. ಒಂದೊಂದು ಕವಲೂ ಒಂದೊಂದು ಲೋಕ. ಇಷ್ಟು ಹೇಳುವಷ್ಟರಲ್ಲಿ ಆ ಹುಡುಗಿ ಎದ್ದು ಬಂದಳು. ನಾನು ಒರೆಸಿದ್ದನ್ನು ಮತ್ತೆ ಬರೆದು, ಎರಡೂ ಪದಗಳ ಪಕ್ಕ ‘ನಾನು’ ಎಂದು ಸೇರಿಸಿದಳು. ಎವರೆಟ್ ಹೇಳಿದ್ದು ಸರಿಯಾಗಿ ಅದೇ!

ಮೊದಮೊದಲು ಎವರೆಟ್ ಮಾತನ್ನು ಕೇಳಿಸಿಕೊಂಡವರು ಕಡಿಮೆ. 1973ರಲ್ಲಿ ಡಿವಿಟ್ ಮತ್ತು ಗ್ರಹಾಂ ಎಂಬ ಭೌತವಿಜ್ಞಾನಿಗಳು ಈ ವಾದದ ಬಗ್ಗೆ ಪುಸ್ತಕ ತಂದಾಗ, ಆರಂಭದಲ್ಲಿ ಬೋರ್ಹೆಸ್ ಕಥೆಯ ಸಾಲುಗಳನ್ನು ಹಾಕಿದರು. ನಂಟನ್ನು ಭೌತವಿಜ್ಞಾನಿಗಳೇ ಒಪ್ಪಿಕೊಂಡರು, ಅಲ್ವಾ?

ಹಾಗಂತ ಬೋರ್ಹೆಸ್ ವಿಜ್ಞಾನವನ್ನು ಮೊದಲೇ ಕಂಡುಹಿಡಿದರು ಎಂದರೆ ನಾನು ಒಪ್ಪುವುದಿಲ್ಲ. ಹಾಗೆ ಹೇಳಿದರೆ ಕಥೆಗೂ ಅನ್ಯಾಯ, ಗಣಿತಕ್ಕೂ ಅನ್ಯಾಯ. ಕಥೆಯಲ್ಲಿ ಮನುಷ್ಯರ ಕೆಲಸಗಳಿಂದ ಕವಲು ಒಡೆಯುತ್ತದೆ, ಎವರೆಟ್‌ನಲ್ಲಿ ಕ್ವಾಂಟಮ್ ಘಟನೆಗಳಿಂದ. ಎವರೆಟ್ ವಾದವನ್ನು ಒಪ್ಪದ ಭೌತವಿಜ್ಞಾನಿಗಳು ಇಂದಿಗೂ ಬೇಕಾದಷ್ಟಿದ್ದಾರೆ.

ನನಗೆ ಜಾಸ್ತಿ ಮುಖ್ಯ ಅನಿಸುವ ವ್ಯತ್ಯಾಸ ಇನ್ನೊಂದಿದೆ. ತ್ಸುಯಿ ಪೆನ್‌ನ ಕವಲುಗಳು ಕೆಲವೊಮ್ಮೆ ಮತ್ತೆ ಬಂದು ಸೇರುತ್ತವೆ. ಎವರೆಟ್‌ನ ದೊಡ್ಡ ಲೋಕಗಳು ಹಾಗೆ ಸೇರುವುದು ಅಸಾಧ್ಯವೆಂದೇ ಹೇಳಬೇಕು. ಗಾಳಿಯ ಕಣ, ಬೆಳಕು, ಅಳೆಯುವ ಉಪಕರಣ ಎಲ್ಲವೂ ಆ ಕವಲಿಗೆ ಹೆಣೆದುಕೊಂಡುಬಿಡುತ್ತವೆ. ಆ ಗಂಟು ಬಿಚ್ಚಲು ಬರುವುದಿಲ್ಲ. ಆದರೆ ಏನೂ ಅಂಟಿಕೊಳ್ಳದ ಒಂಟಿ ಕಣದ ದಾರಿಗಳು ನಿಜಕ್ಕೂ ಸೇರುತ್ತವೆ. ಮುಂದಿನ ವಾರ ಲ್ಯಾಬಿನಲ್ಲಿ ಲೇಸರ್ ಇಟ್ಟು, ಬೆಳಕಿನ ಕಣಗಳನ್ನು ಎರಡು ಕಿರಿದಾದ ಸೀಳುಗಳ ಮೂಲಕ ಹಾಯಿಸುವ ಜೋಡಿ ಸೀಳಿನ ಪ್ರಯೋಗ ಮಾಡುತ್ತೇವೆ. ಎರಡು ದಾರಿ ಸೇರಿದಲ್ಲಿ ಗೋಡೆಯ ಮೇಲೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ.