ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ಅಕ್ಯುಪಂಕ್ಚರ್: ಮೊದಲು ಎಣಿಸಿಕೊಂಡು ಬನ್ನಿ

ಎದೆಯಿಂದ ಮುಖಕ್ಕೆ ಏಕಾಏಕಿ ಬಿಸಿ ಏರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಈ ತೊಂದರೆಗೆ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿಕೊಳ್ಳುವ ಮುನ್ನ ಒಂದು ವಾರ ಕ್ಯಾಲೆಂಡರಿನಲ್ಲಿ ಗೀಟು ಹಾಕಿ: ಹಗಲು ಎಷ್ಟು ಸಲ, ರಾತ್ರಿ ಎಷ್ಟು ಸಲ. ಈ ಲೆಕ್ಕವಿಲ್ಲದಿದ್ದರೆ ಗುಣ ಕಂಡಿತೋ ಇಲ್ಲವೋ ಯಾರೂ ಹೇಳಲಾರರು. ಥೈರಾಯ್ಡ್ ಪರೀಕ್ಷೆಯೂ ಆಗಿರಲಿ. ರಾತ್ರಿ ಬೆವರಿನ ಜೊತೆ ಸಣ್ಣ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಮೊದಲು ಕ್ಷಯದ ತಪಾಸಣೆ ಆಗಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ನೇರ ಸ್ತ್ರೀರೋಗ ತಜ್ಞರ ಬಳಿ ಹೋಗಿ.

ಸೂಜಿಯ ದಪ್ಪ 0.20ರಿಂದ 0.25 ಮಿ.ಮೀ. ಒಮ್ಮೆ ಬಳಸಿ ಎಸೆಯುವಂಥದ್ದು. ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಬಿಂದುಗಳಿಗೆ ಸಂಕೇತದ ಹೆಸರುಗಳಿವೆ. ಹೆಚ್ಚು ಬಳಕೆಯದು ಎಸ್‌ಪಿ6: ಪಾದದ ಒಳಬದಿಯ ಹರಡಿನ ಗಂಟಿನಿಂದ ನಿಮ್ಮದೇ ನಾಲ್ಕು ಬೆರಳಗಲ ಮೇಲೆ, ಕಣಕಾಲಿನ ಮೂಳೆಯ ಹಿಂದಿನ ಅಂಚು. ಅದೇ ಗಂಟಿಗೂ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜಿಗೂ ನಡುವಿನ ತಗ್ಗು ಕೆಐ3. ರಾತ್ರಿ ಬೆವರಿಗೆ ಮಣಿಕಟ್ಟಿನ ಕಿರುಬೆರಳ ಬದಿಯ ಎಚ್‌ಟಿ6. ಪಕ್ಕದಲ್ಲೇ ರಕ್ತನಾಳವಿರುವುದರಿಂದ ಇಲ್ಲಿ ಆಳ ಇಳಿಸುವಂತಿಲ್ಲ. ಸೂಜಿ ಸರಿಯಾಗಿ ಕೂತಾಗ ಮಂದವಾದ ಭಾರ, ಜುಮ್ಮೆನ್ನುವ ಭಾವ ಬರುತ್ತದೆ. ಚುರುಕ್ಕೆಂದು ಕರೆಂಟು ಹೊಡೆದಂತಾದರೆ ನರಕ್ಕೆ ತಗುಲಿದೆ, ತಕ್ಷಣ ಹೇಳಿ. 20ರಿಂದ 30 ನಿಮಿಷ ಮಲಗಿರಬೇಕು. ಹಸಿದ ಹೊಟ್ಟೆಯಲ್ಲಿ ಬಂದವರಿಗೇ ತಲೆಸುತ್ತು ಹೆಚ್ಚು. ಗಂಟೆ ಮೊದಲು ಏನಾದರೂ ತಿಂದಿರಿ.

ಫಲದ ಬಗ್ಗೆ ಇದ್ದದ್ದು ಇದ್ದಂತೆ ಹೇಳಬೇಕು. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 209 ಮಹಿಳೆಯರಿದ್ದರು. ಸೂಜಿ ಹಾಕಿಸಿಕೊಂಡವರಲ್ಲಿ ಆರು ತಿಂಗಳಿಗೆ ಬಿಸಿಯೇರುವಿಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತಗ್ಗಿತು, ಹಾಕಿಸಿಕೊಳ್ಳದವರಲ್ಲಿ ತಗ್ಗಲಿಲ್ಲ. ಅದೇ ವರ್ಷ ಆಸ್ಟ್ರೇಲಿಯದಲ್ಲಿ 327 ಮಂದಿಯಲ್ಲಿ ನಿಜ ಸೂಜಿಯನ್ನೂ ಚರ್ಮ ತೂರದ ತೋರಿಕೆಯ ಸೂಜಿಯನ್ನೂ ಹೋಲಿಸಿದಾಗ ಎರಡೂ ಗುಂಪಿನಲ್ಲಿ ಸುಮಾರು 40 ಶೇಕಡ ಇಳಿಕೆ, ಅಂತರವಿಲ್ಲ. ಅಂದರೆ ಆರಾಮ ಸಿಗುತ್ತದೆ, ಆದರೆ ಅದು ಆ ಬಿಂದುವಿನ ಮಹಿಮೆಯೇ ಎನ್ನಲು ಆಧಾರ ಸಾಲದು. ಹಾರ್ಮೋನು ಮಾತ್ರೆಯಷ್ಟು ಬಲ ಇದಕ್ಕಿಲ್ಲ. ಮೂಳೆ ಸವೆತ ತಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಯೋನಿಯ ಒಣಗುವಿಕೆಗೆ ಅಲ್ಲಿಯೇ ಹಚ್ಚುವ ಕ್ರೀಮು, ಜೆಲ್ ವಾಸಿ.

ಸ್ತನ ಕ್ಯಾನ್ಸರಿನ ಕಾರಣಕ್ಕೆ ಹಾರ್ಮೋನು ಕೊಡಲಾಗದವರು ಇದನ್ನು ಪ್ರಯತ್ನಿಸಬಹುದು. ಆದರೆ ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈಗೆ ಸೂಜಿ ಬೇಡ. ಕೆಲವರು ಸೂಜಿಗೆ ಸಣ್ಣ ಕರೆಂಟು ಕೊಡುವುದುಂಟು, ಪೇಸ್‌ಮೇಕರ್ (ಎದೆಬಡಿತ ಸರಿಯಾಗಿಡುವ ಯಂತ್ರ) ಇದ್ದರೆ ಅದನ್ನು ಕೊಡುವಂತಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಭುಜದ ಮೇಲೆ, ಎದೆಗೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ. ಮುಟ್ಟು ಏರುಪೇರಾಗಿದೆಯಷ್ಟೇ, ಪೂರ್ತಿ ನಿಂತಿಲ್ಲ ಎಂದರೆ ಗರ್ಭ ನಿಂತಿರಬಹುದು. ಆಗ ಎಸ್‌ಪಿ6 ಮುಟ್ಟುವ ಮುನ್ನ ಪರೀಕ್ಷೆ ಮಾಡಿಸಿ.

ನಮ್ಮಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದವರಿಗೆ ಅಕ್ಯುಪಂಕ್ಚರ್ ಪಠ್ಯದಲ್ಲೇ ಇರುತ್ತದೆ. ಎಲ್ಲಿ ಕಲಿತಿರಿ ಎಂದು ಕೇಳಲು ಸಂಕೋಚ ಬೇಡ.

ತಿಂಗಳಿಗೊಮ್ಮೆ ಬಂದರೆ ಪ್ರಯೋಜನವಿಲ್ಲ. ವಾರಕ್ಕೆ ಒಂದೋ ಎರಡೋ ಸಲದಂತೆ ಎಂಟು ಸಲ ಆದ ಮೇಲೆ ಮತ್ತೆ ಒಂದು ವಾರ ಗೀಟು ಹಾಕಿ. ಮೊದಲಿನ ಲೆಕ್ಕಕ್ಕಿಂತ ಕಾಲು ಭಾಗವೂ ಇಳಿದಿಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ, ಔಷಧದ ದಾರಿಯನ್ನು ವೈದ್ಯರೊಡನೆ ಮಾತಾಡಿ.